ಪೆಟ್ಟಿಗೆಗೆ ಹೋಗಿ ಬಂದ ಟ್ರ್ಯಾಕ್ ತಾಳ ತಪ್ಪುವುದು ಯಾಕೆ?

ದನಿ ಚೆನ್ನಾಗಿ ರೆಕಾರ್ಡ್ ಆಗಿದೆ. ಅದಕ್ಕೆ ಇನ್ನಷ್ಟು ಮೈಕಟ್ಟು ಬರಲಿ ಅಂತ ಕಂಪ್ಯೂಟರಿನಿಂದ ಹೊರಗೆ ಕಳಿಸಿದಿರಿ. ಮೇಜಿನ ಮೇಲಿನ ಕಂಪ್ರೆಸರ್ (ದನಿಯ ಏರಿಳಿತವನ್ನು ಒತ್ತಿ ಸಮ ಮಾಡುವ ಯಂತ್ರ) ಪೆಟ್ಟಿಗೆಯೊಳಗೆ ಹಾಯಿಸಿ, ವಾಪಸ್ ತಂದು ಹೊಸ ಟ್ರ್ಯಾಕಿನಲ್ಲಿ ಹಿಡಿದುಕೊಂಡಿರಿ. ಹೊಸದನ್ನಷ್ಟೇ ಕೇಳಿದರೆ ಸೊಗಸಾಗಿದೆ. ಹಳೆಯ ಟ್ರ್ಯಾಕಿನ ಜೊತೆ ಕೇಳಿದರೆ ದನಿ ತಗಡಿನ ಡಬ್ಬದೊಳಗೆ ಕೂತ ಹಾಗಿದೆ. ಡ್ರಮ್ ಜೊತೆ ಕೇಳಿದರೆ ಹಾಡುವವರು ತಾಳದ ಹಿಂದೆ ಓಡುತ್ತಿದ್ದಾರೆ. ಪರದೆಯ ಮೇಲಿನ ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ವಿಷಯ ಗೊತ್ತಾಗುತ್ತದೆ. ಹೊಸ ಟ್ರ್ಯಾಕ್ ಚೂರು ಬಲಕ್ಕೆ ಸರಿದು ಕೂತಿದೆ.

ಇಂಥ ಹೊತ್ತಿನಲ್ಲಿ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಮೌಸಿನಿಂದ ಟ್ರ್ಯಾಕನ್ನು ಹಿಡಿದು ಎಡಕ್ಕೆ ಎಳೆಯುವುದು. ನಾನೂ ಬಹಳ ಕಾಲ ಅದನ್ನೇ ಮಾಡಿದ್ದೇನೆ. ಅದು ತಪ್ಪೇನಲ್ಲ. ಆದರೆ ಯಾವ ಜ್ವರ ಅಂತ ನೋಡದೆ ಮಾತ್ರೆ ನುಂಗಿದ ಹಾಗೆ. ನಾಳೆ ಇನ್ನೊಂದು ಟ್ರ್ಯಾಕ್ ಹಿಡಿದಾಗ ಮತ್ತೆ ಎಳೆಯಬೇಕು. ಎಷ್ಟು ಎಳೆಯಬೇಕು ಅನ್ನುವುದು ನಾಳೆಯೂ ಅಂದಾಜೇ.

ಹಾಗಾಗಿ ಎಷ್ಟು ತಡ ಆಗಿದೆ ಅಂತ ನೋಡುವ ಮೊದಲು, ಆ ತಡ ಹೇಗೆ ನಡೆದುಕೊಳ್ಳುತ್ತಿದೆ ಅಂತ ನೋಡಿ. ಪ್ರತಿ ಸಲವೂ ಅಷ್ಟಕ್ಕಷ್ಟೇ ಇದ್ದರೆ ಅದಕ್ಕೊಂದು ಕಾರಣ. ಒಂದೊಂದು ಸಲ ಒಂದೊಂದು ಥರ ಇದ್ದರೆ ಕಾರಣ ಬೇರೆ. ಹಾಡಿನ ಶುರುವಿನಲ್ಲಿ ಸರಿಯಿದ್ದು, ಮುಗಿಯುವ ಹೊತ್ತಿಗೆ ಜಾರಿದ್ದರೆ ಅದರ ಕಥೆಯೇ ಬೇರೆ. ಇನ್ನು ಅಳತೆಯಲ್ಲಿ ತಡವೇ ಇಲ್ಲದೆ ಕಿವಿಗೆ ಮಾತ್ರ ತಡ ಅನ್ನಿಸುವುದೂ ಉಂಟು. ನಾಲ್ಕಕ್ಕೂ ಒಂದೇ ಮದ್ದು ಹಾಕಲು ಹೋಗಿಯೇ ನಾವು ಅರ್ಧ ರಾತ್ರಿ ಕಳೆಯುವುದು.

ಹೊತ್ತು ಎಲ್ಲಿ ಹೋಗುತ್ತದೆ

ಕೇಬಲ್ ಮೇಲೆ ಅನುಮಾನ ಬೇಡ. ಹತ್ತು ಮೀಟರ್ ಕೇಬಲ್ ದಾಟಲು ಸಿಗ್ನಲ್‌ಗೆ ಒಂದು ಮೈಕ್ರೋಸೆಕೆಂಡ್ ಕೂಡ ಬೇಕಾಗುವುದಿಲ್ಲ. ದುಬಾರಿ ಕೇಬಲ್ ಹಾಕಿದರೆ ತಾಳ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಹೊತ್ತು ಜಾಸ್ತಿ ಹೋಗುವುದು ಬಫರಿನಲ್ಲಿ.

ಕಂಪ್ಯೂಟರ್ ಶಬ್ದವನ್ನು ಹನಿ ಹನಿಯಾಗಿ ಸಾಗಿಸುವುದಿಲ್ಲ. ಬಿಂದಿಗೆ ತುಂಬುವವರೆಗೆ ಕಾದು, ತುಂಬಿದ ಮೇಲೆ ಎತ್ತುತ್ತದೆ. ಹನಿ ಅಂದರೆ ಸ್ಯಾಂಪಲ್, ಬಿಂದಿಗೆ ಅಂದರೆ ಬಫರ್. ಸೆಕೆಂಡಿಗೆ 44,100 ಸ್ಯಾಂಪಲ್ ಇರುವ ಪ್ರಾಜೆಕ್ಟಿನಲ್ಲಿ 256 ಸ್ಯಾಂಪಲ್ಲಿನ ಬಫರ್ ತುಂಬಲು 5.8 ಮಿಲಿಸೆಕೆಂಡ್ ಬೇಕು. ಹೊರಗೆ ಹೋಗುವಾಗ ಒಂದು ಬಿಂದಿಗೆ, ಒಳಗೆ ಬರುವಾಗ ಇನ್ನೊಂದು. ಅಲ್ಲಿಗೆ ಸುಮಾರು 11.6 ಮಿಲಿಸೆಕೆಂಡ್ ಆಯಿತು. ಅಂಕಿಗಳನ್ನು ವಿದ್ಯುತ್ ಸಿಗ್ನಲ್ ಆಗಿ, ಸಿಗ್ನಲ್ಲನ್ನು ಮತ್ತೆ ಅಂಕಿಗಳಾಗಿ ಬದಲಿಸುವ ಕನ್ವರ್ಟರ್‌ಗಳು ಇನ್ನೊಂದಿಷ್ಟು ತಿನ್ನುತ್ತವೆ. ಶಬ್ದವನ್ನು ಕಂಪ್ಯೂಟರಿನ ಒಳಗೆ ಹೊರಗೆ ಸಾಗಿಸುವ ಸಾಧನಕ್ಕೆ ಇಂಟರ್‌ಫೇಸ್ ಅಂತ ಹೆಸರು, ಅದನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಸಾಫ್ಟ್‌ವೇರ್ ಡ್ರೈವರ್. ಸದ್ದು ಒಡೆಯದಿರಲಿ ಅಂತ ಯುಎಸ್‌ಬಿ ಡ್ರೈವರ್ ಕೂಡ ತನ್ನದೇ ಒಂದು ಚಿಕ್ಕ ಬಿಂದಿಗೆಯನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತದೆ.

ಇದು ದೊಡ್ಡದೋ ಚಿಕ್ಕದೋ ಅಂತ ಅಂದಾಜಿಗೆ ಒಂದು ಲೆಕ್ಕ ಇದೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. 12 ಮಿಲಿಸೆಕೆಂಡ್ ಅಂದರೆ ಡ್ರಮ್ಮರಿನಿಂದ ನಾಲ್ಕು ಮೀಟರ್ ದೂರ ನಿಂತು ಕೇಳಿದ ಹಾಗೆ. ವೇದಿಕೆಯ ಮೇಲೆ ಜನ ಇದಕ್ಕಿಂತ ದೂರ ನಿಂತೂ ಒಟ್ಟಿಗೆ ನುಡಿಸುತ್ತಾರೆ, ಅಲ್ವಾ? ಆದರೆ ಒಂದೇ ದನಿಯ ಎರಡು ಪ್ರತಿಗಳು ಹೀಗೆ ಹಿಂದೆ ಮುಂದೆ ಆದಾಗ ಇದರ ಕಾಲು ಭಾಗವೂ ಸಾಕು, ಕಿವಿ ಮುಖ ಸಿಂಡರಿಸುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಈ ತಡದ ವಿಷಯ ಗೊತ್ತಿಲ್ಲದೆ ಇಲ್ಲ. ಶುರುವಿನಲ್ಲೇ ಅದು ಡ್ರೈವರನ್ನು ವಿಚಾರಿಸುತ್ತದೆ: ಹೋಗಿ ಬರಲು ನಿನಗೆ ಎಷ್ಟು ಸ್ಯಾಂಪಲ್ ಬೇಕು? ಡ್ರೈವರ್ ಒಂದು ಅಂಕಿ ಹೇಳುತ್ತದೆ. ರೆಕಾರ್ಡ್ ಆದದ್ದನ್ನು ಸಾಫ್ಟ್‌ವೇರ್ ಅಷ್ಟು ಹಿಂದಕ್ಕೆ ಸರಿಸಿ ಇಡುತ್ತದೆ. ಇದನ್ನೇ ಲೇಟೆನ್ಸಿ ಕಾಂಪೆನ್ಸೇಷನ್ ಅನ್ನುವುದು. ಡ್ರೈವರ್ ನಿಜ ಹೇಳಿದರೆ ನಮಗೆ ತಲೆನೋವೇ ಇಲ್ಲ. ಎಷ್ಟೋ ಡ್ರೈವರ್‌ಗಳು ಬಫರಿನ ಲೆಕ್ಕ ಮಾತ್ರ ಹೇಳುತ್ತವೆ. ಕನ್ವರ್ಟರಿನ ತಡವನ್ನೋ ಆ ಗುಟ್ಟಿನ ಬಿಂದಿಗೆಯನ್ನೋ ಸೇರಿಸಿರುವುದಿಲ್ಲ. ಇನ್ನು ನೀವು ದಾರಿಯಲ್ಲಿ ಸಿಕ್ಕಿಸಿದ ಪೆಟ್ಟಿಗೆಯ ವಿಷಯವಂತೂ ಡ್ರೈವರಿಗೆ ಗೊತ್ತಾಗುವ ಸಾಧ್ಯತೆಯೇ ಇಲ್ಲ. ಹೊರಗೆ ಹೋದ ಸಿಗ್ನಲ್ ಎಲ್ಲೆಲ್ಲಿ ಸುತ್ತಾಡಿ ಬಂತು ಅಂತ ಅದಕ್ಕೆ ಹೇಗೆ ತಿಳಿಯಬೇಕು?

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ತಡ ಆಯಿತು ಅಂದ ಕೂಡಲೇ "ಬಫರ್ ಕಮ್ಮಿ ಮಾಡಿ" ಅನ್ನುವ ಸಲಹೆ ಸಿಗುತ್ತದೆ. ನುಡಿಸುವಾಗ ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತಿದ್ದರೆ ಅದು ಸರಿಯಾದ ಸಲಹೆ. ಆದರೆ ಆಗಲೇ ರೆಕಾರ್ಡ್ ಆದ ಟ್ರ್ಯಾಕನ್ನು ಪೆಟ್ಟಿಗೆಗೆ ಕಳಿಸಿ ತರುವಾಗ ಬಫರ್ 64 ಇದ್ದರೂ ಒಂದೇ, 1024 ಇದ್ದರೂ ಒಂದೇ. ಸಾಫ್ಟ್‌ವೇರ್ ಅದನ್ನು ಲೆಕ್ಕಕ್ಕೆ ಹಿಡಿದು ಸರಿಸುತ್ತದೆ. ಆಗ ಬಫರ್ ದೊಡ್ಡದೇ ಇರಲಿ, ಸದ್ದು ಒಡೆಯುವುದಿಲ್ಲ. ನಮಗೆ ಬೇಕಾದ್ದು ಡ್ರೈವರ್ ಹೇಳಿದ ಅಂಕಿಗೂ ನಿಜವಾದ ತಡಕ್ಕೂ ನಡುವಿನ ವ್ಯತ್ಯಾಸ, ಅಷ್ಟೇ.

ಒಂದು ಕೇಬಲ್, ಒಂದು ಕ್ಲಿಕ್

ಆ ವ್ಯತ್ಯಾಸವನ್ನು ಅಳೆಯಲು ಒಂದು ಕೇಬಲ್ ಮತ್ತು ಹತ್ತು ನಿಮಿಷ ಸಾಕು. ಪೆಟ್ಟಿಗೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಇಂಟರ್‌ಫೇಸಿನ ಖಾಲಿ ಔಟ್‌ಪುಟ್ ಒಂದರಿಂದ ಖಾಲಿ ಲೈನ್ ಇನ್‌ಪುಟ್ ಒಂದಕ್ಕೆ ನೇರವಾಗಿ ಕೇಬಲ್ ಹಾಕಿ. ಸ್ಪೀಕರ್ ತಗ್ಗಿಸಿ. ರೆಕಾರ್ಡ್ ಮಾಡುವ ಟ್ರ್ಯಾಕಿನಲ್ಲಿ ಇನ್‌ಪುಟ್ ಮಾನಿಟರಿಂಗ್ (ಒಳಗೆ ಬರುತ್ತಿರುವುದನ್ನು ಆಗಲೇ ಕೇಳಿಸುವುದು) ಆಫ್ ಮಾಡಿ. ಮರೆತರೆ, ಒಳಗೆ ಬಂದದ್ದು ಮತ್ತೆ ಹೊರಗೆ ಹೋಗಿ, ಹೊರಗೆ ಹೋದದ್ದು ಮತ್ತೆ ಒಳಗೆ ಬಂದು, ಕಿವಿ ಹರಿದುಹೋಗುವ ಹಾಗೆ ಕಿರುಚುತ್ತದೆ. ಒಂದು ಸಲ ಮರೆತವರು ಎರಡನೇ ಸಲ ಮರೆಯುವುದಿಲ್ಲ.

ಈಗ ಒಂದು ಟ್ರ್ಯಾಕಿನಲ್ಲಿ ಚೂಪಾದ ಕ್ಲಿಕ್ ಇರುವ ಆಡಿಯೊ ಫೈಲ್ ಇಟ್ಟು, ಆ ಔಟ್‌ಪುಟ್ಟಿಗೆ ಕಳಿಸಿ. ಸಾಫ್ಟ್‌ವೇರಿನ ಮೆಟ್ರೊನೋಮ್ ಬೇಡ. ಅದರ ಅಲೆ ಪರದೆಯಲ್ಲಿ ಕಾಣುವುದಿಲ್ಲ, ಹೋಲಿಸಲು ಏನೂ ಸಿಗುವುದಿಲ್ಲ. ವಾಪಸ್ ಬಂದ ಕ್ಲಿಕ್ಕನ್ನು ಇನ್ನೊಂದು ಟ್ರ್ಯಾಕಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಒಂದೊಂದು ಸ್ಯಾಂಪಲ್ ಕಾಣುವಷ್ಟು ದೊಡ್ಡದು ಮಾಡಿ ನೋಡಿ. ಎರಡು ಕ್ಲಿಕ್ಕುಗಳೂ ಒಂದೇ ಗೆರೆಯಲ್ಲಿದ್ದರೆ ನಿಮ್ಮ ಡ್ರೈವರ್ ಸತ್ಯವಂತ. ಇಲ್ಲದಿದ್ದರೆ ನಡುವಿನ ಅಂತರವನ್ನು ಸ್ಯಾಂಪಲ್ಲಿನಲ್ಲಿ ಎಣಿಸಿ. ಉದಾಹರಣೆಗೆ 74 ಸ್ಯಾಂಪಲ್ ತಡ ಅಂತ ಇಟ್ಟುಕೊಳ್ಳೋಣ. 44.1ರಿಂದ ಭಾಗಿಸಿದರೆ 1.68 ಮಿಲಿಸೆಕೆಂಡ್.

ಈ ಅಂಕಿಯನ್ನು ಸಾಫ್ಟ್‌ವೇರಿಗೆ ಹೇಳಬೇಕು. ಏಬಲ್ಟನ್ ಲೈವ್‌ನಲ್ಲಿ ಆಡಿಯೊ ಸೆಟ್ಟಿಂಗ್ಸ್ ಒಳಗೆ ಡ್ರೈವರ್ ಎರರ್ ಕಾಂಪೆನ್ಸೇಷನ್ ಅಂತ ಇದಕ್ಕೇ ಒಂದು ಜಾಗ ಇದೆ. ಲಾಜಿಕ್‌ನಲ್ಲಿ ರೆಕಾರ್ಡಿಂಗ್ ಡಿಲೇ ಅಂತ ಇದೆ. ರೀಪರ್‌ನಲ್ಲಿ ಡ್ರೈವರ್ ಹೇಳಿದ ಅಂಕಿಯ ಜೊತೆಗೆ ಕೈಯಿಂದಲೂ ಒಂದು ಅಂಕಿ ಸೇರಿಸಬಹುದು. ಅಡಾಸಿಟಿಯಲ್ಲಿ ಮೊದಲಿಂದಲೇ ಮೈನಸ್ 130 ಮಿಲಿಸೆಕೆಂಡ್ ಅಂತ ಒಂದು ಅಂಕಿ ತುಂಬಿರುತ್ತದೆ. ಅದು ಬರೀ ಅಂದಾಜು. ನಿಮ್ಮ ಯಂತ್ರವನ್ನು ನೋಡಿ ಹಾಕಿದ್ದಲ್ಲ. ಅದನ್ನು ಹಾಗೇ ಬಿಟ್ಟು, ಟ್ರ್ಯಾಕ್ ಬೇಗ ಬರುತ್ತಿದೆ ಅಂತ ಗೊಣಗುವವರು ಸುಮಾರು ಜನ.

ಪ್ಲಸ್ ಹಾಕಬೇಕೋ ಮೈನಸ್ ಹಾಕಬೇಕೋ ಅನ್ನುವುದು ಒಂದೊಂದು ಸಾಫ್ಟ್‌ವೇರಿನಲ್ಲಿ ಒಂದೊಂದು ಥರ. ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಹಾಕಿ ಮತ್ತೆ ಅಳೆಯಿರಿ. 74 ಇದ್ದದ್ದು 148 ಆಗಿದ್ದರೆ ಚಿಹ್ನೆ ತಿರುಗಿಸಿ. ಸೊನ್ನೆಯೋ ಒಂದು ಸ್ಯಾಂಪಲ್ಲೋ ಬಂದರೆ ಕೆಲಸ ಮುಗಿಯಿತು.

ಈಗ ಪೆಟ್ಟಿಗೆಯನ್ನು ಅದೇ ದಾರಿಯ ನಡುವೆ ಸೇರಿಸಿ. ಮತ್ತೆ ಅಳೆಯಿರಿ. ಈಗ ಕಾಣುವ ಅಂತರ ಪೂರ್ತಿ ಪೆಟ್ಟಿಗೆಯದ್ದೇ. ಅನಲಾಗ್ ಕಂಪ್ರೆಸರ್, ಈಕ್ಯೂ, ಡಿಸ್ಟಾರ್ಷನ್ ಪೆಡಲ್ ಆದರೆ ಏನೂ ಸೇರುವುದಿಲ್ಲ ಅಂದರೂ ನಡೆಯುತ್ತದೆ. ಡಿಜಿಟಲ್ ಪೆಟ್ಟಿಗೆಯ ಹೊಟ್ಟೆಯೊಳಗೆ ಮಾತ್ರ ಇನ್ನೊಂದು ಜೊತೆ ಕನ್ವರ್ಟರ್ ಇರುತ್ತದೆ, ಲೆಕ್ಕ ಮಾಡುವ ಚಿಪ್ಪು ಇರುತ್ತದೆ. ಒಂದೆರಡು ಮಿಲಿಸೆಕೆಂಡ್ ಅಲ್ಲೇ ಹೋಗುತ್ತದೆ. ಅದು 96 ಸ್ಯಾಂಪಲ್ ಆಯಿತು ಅನ್ನಿ, ಅಂದರೆ 2.2 ಮಿಲಿಸೆಕೆಂಡ್. ಸ್ವರದ ಎತ್ತರ ಬದಲಿಸುವ ಪಿಚ್ ಶಿಫ್ಟರ್ ಇನ್ನೂ ಜಾಸ್ತಿ ತಿನ್ನುತ್ತದೆ. ಮುಂದಿನ ಅಲೆ ಒಂದಿಷ್ಟು ಕೈಗೆ ಸಿಗುವವರೆಗೆ ಅದಕ್ಕೆ ಕೆಲಸ ಶುರು ಮಾಡಲೇ ಆಗುವುದಿಲ್ಲ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲೂ ಪ್ರೋಗ್ರಾಮ್ ಬದಲಿಸಿದರೆ ತಡ ಬದಲಾಗಬಹುದು.

ಅಳೆಯುವಾಗ ಒಂದು ಮೋಸ ಆಗುವುದುಂಟು. ಪೆಡಲನ್ನು ಬೈಪಾಸ್‌ನಲ್ಲಿಟ್ಟು ಅಳೆಯುವುದು. ಟ್ರೂ ಬೈಪಾಸ್ ಇರುವ ಪೆಡಲ್ ಆಫ್ ಆದಾಗ ಒಳಗಿನ ಸರ್ಕ್ಯೂಟನ್ನೇ ಪೂರ್ತಿ ಬಿಟ್ಟು ಸಿಗ್ನಲ್ಲನ್ನು ತಂತಿಯಲ್ಲೇ ದಾಟಿಸುತ್ತದೆ. ಸೊನ್ನೆ ಕಾಣುತ್ತದೆ, ನೀವು ನಂಬುತ್ತೀರಿ, ಆನ್ ಮಾಡಿದ ಮೇಲೆ ಎಡವುತ್ತೀರಿ. ಎಫೆಕ್ಟ್ ಆನ್ ಇರಲಿ, ಆದರೆ ಬಹಳ ಮೆಲ್ಲಗೆ ಕೆಲಸ ಮಾಡುತ್ತಿರಲಿ.

ಈ ಪೆಟ್ಟಿಗೆಯ ಅಂಕಿಯನ್ನು ಎಲ್ಲಾ ರೆಕಾರ್ಡಿಂಗಿಗೂ ಅನ್ವಯಿಸುವ ಜಾಗದಲ್ಲಿ ಹಾಕಬೇಡಿ. ಪೆಟ್ಟಿಗೆ ಇಲ್ಲದ ಟ್ರ್ಯಾಕುಗಳು ಸುಮ್ನೆ ಬೇಗ ಬಂದು ಕೂರುತ್ತವೆ. ಹೊರಗಿನ ಯಂತ್ರಕ್ಕೆ ಅಂತಲೇ ಬೇರೆ ವ್ಯವಸ್ಥೆ ಇರುತ್ತದೆ. ಲೈವ್‌ನ ಎಕ್ಸ್‌ಟರ್ನಲ್ ಆಡಿಯೊ ಎಫೆಕ್ಟ್‌ನಲ್ಲಿ ಹಾರ್ಡ್‌ವೇರ್ ಲೇಟೆನ್ಸಿ, ಪ್ರೊ ಟೂಲ್ಸ್‌ನಲ್ಲಿ ಐ/ಒ ಸೆಟಪ್ ಒಳಗೆ ಹಾರ್ಡ್‌ವೇರ್ ಇನ್ಸರ್ಟ್ ಡಿಲೇ, ಸ್ಟುಡಿಯೋ ಒನ್‌ನಲ್ಲಿ ಪೈಪ್‌ಲೈನ್. ಲಾಜಿಕ್‌ನ ಐ/ಒ ಪ್ಲಗಿನ್, ರೀಪರ್‌ನ ರಿಯಾಇನ್ಸರ್ಟ್, ಕ್ಯೂಬೇಸ್‌ನ ಎಕ್ಸ್‌ಟರ್ನಲ್ ಎಫ್‌ಎಕ್ಸ್ ತಾವೇ ಒಂದು ಚಿಟಿಕೆ ಶಬ್ದ ಕಳಿಸಿ ಅಳೆದುಕೊಳ್ಳುತ್ತವೆ. ಹಾಗೆ ಅಳೆಸುವಾಗ ಪೆಟ್ಟಿಗೆಯಲ್ಲಿ ರಿವರ್ಬ್ (ದೊಡ್ಡ ಕೋಣೆಯ ಗುಂಗು), ಎಕೋ, ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಬಾಗಿಲು) ಯಾವುದೂ ಇರಬಾರದು. ಚಿಟಿಕೆ ಹೋಗಿ ಹತ್ತು ಚಿಟಿಕೆ ವಾಪಸ್ ಬಂದರೆ ಪಾಪ ಅದು ಯಾವುದನ್ನು ನಂಬಬೇಕು?

ಇಷ್ಟು ಹೇಳಿದ್ದು ಹೊರಗೆ ಕಳಿಸಿ ತರುವ ಕೆಲಸಕ್ಕೆ. ಗಿಟಾರನ್ನು ಪೆಡಲಿಗೆ ಹಾಕಿ, ಪೆಡಲಿನಿಂದ ಇಂಟರ್‌ಫೇಸಿಗೆ ಬಂದು ನೇರವಾಗಿ ರೆಕಾರ್ಡ್ ಮಾಡುವಾಗ ಪೆಡಲಿನ ಎರಡು ಮಿಲಿಸೆಕೆಂಡನ್ನು ಸರಿಪಡಿಸಬೇಕಾಗಿಲ್ಲ. ನುಡಿಸುವವರ ಕಿವಿಗೆ ಆ ತಡ ಸೇರಿಯೇ ಕೇಳುತ್ತಿರುತ್ತದೆ, ಕೈ ತಾನಾಗಿ ಹೊಂದಿಕೊಂಡಿರುತ್ತದೆ. ಅಲ್ಲಿ ತೊಂದರೆ ಕೊಡುವುದು ಹೆಡ್‌ಫೋನಿನ ದಾರಿ. ಸಾಫ್ಟ್‌ವೇರಿನ ಮೂಲಕ ತನ್ನ ಗಿಟಾರನ್ನು 20 ಮಿಲಿಸೆಕೆಂಡ್ ತಡವಾಗಿ ಕೇಳುವ ವಾದಕ, ತಾಳಕ್ಕೆ ಕೂಡಿಸಲು ಗೊತ್ತಿಲ್ಲದೆಯೇ ಮುಂಚೆ ಮುಂಚೆ ನುಡಿಸುತ್ತಾನೆ. ಟ್ರ್ಯಾಕ್ ಬೇಗ ಬರುವುದಕ್ಕೆ ಇದೊಂದು ಕಾರಣ. ಕಾಂಪೆನ್ಸೇಷನ್ ಎರಡು ಕಡೆ ಹಾಕಿರುವುದು ಇನ್ನೊಂದು. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರಿಂಗ್ (ಕಂಪ್ಯೂಟರಿಗೆ ಹೋಗದೆ ನೇರವಾಗಿ ಕೇಳಿಸುವುದು) ಇದ್ದರೆ ಅದನ್ನೇ ಬಳಸಿ, ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿ. ಎರಡೂ ಆನ್ ಇದ್ದರೆ ಒಂದೇ ಸ್ವರ ಎರಡು ಸಲ ಕೇಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಲು ಕೂತವರಿಗೆ ಮಾತ್ರ ನನ್ನ ಹತ್ತಿರ ಯಾವ ಮದ್ದೂ ಇಲ್ಲ. ಅದನ್ನು ತೆಗೆದಿಡಿ.

ಒಂದೇ ದನಿ, ಎರಡು ಪ್ರತಿ

ಡಬ್ಬದ ಸದ್ದಿಗೆ ವಾಪಸ್ ಬರೋಣ. ಮೂಲ ದನಿ ಮತ್ತು ಪೆಟ್ಟಿಗೆಯಿಂದ ಬಂದ ದನಿ ಎರಡನ್ನೂ ಬೆರೆಸಿ ಕೇಳುವ ರೂಢಿ ಬಹಳ ಇದೆ. ನಡುವೆ ನಮ್ಮ ಉದಾಹರಣೆಯ 1.68 ಮಿಲಿಸೆಕೆಂಡ್ ಉಳಿದಿದೆ ಅನ್ನಿ. ಸುಮಾರು 300 ಹರ್ಟ್ಸ್‌ನ ಅಲೆ ಅಷ್ಟು ಹೊತ್ತಿನಲ್ಲಿ ಸರಿಯಾಗಿ ಅರ್ಧ ಸುತ್ತು ಮುಗಿಸಿರುತ್ತದೆ. ಒಂದು ಪ್ರತಿ ಏರುವಾಗ ಇನ್ನೊಂದು ಇಳಿಯುತ್ತದೆ. ಕೂಡಿಸಿದರೆ ಸೊನ್ನೆ. 300ರಲ್ಲಿ ಒಂದು ಹಳ್ಳ, ಆಮೇಲೆ 900ರಲ್ಲಿ, 1500ರಲ್ಲಿ, ಹೀಗೆ ಮೇಲಿನವರೆಗೂ. ಗ್ರಾಫ್ ಬಿಡಿಸಿದರೆ ಬಾಚಣಿಗೆಯ ಹಲ್ಲುಗಳ ಹಾಗೆ ಕಾಣುವುದರಿಂದ ಇದಕ್ಕೆ ಕೋಂಬ್ ಫಿಲ್ಟರ್ ಅನ್ನುತ್ತಾರೆ. ದನಿಯ ಮೈ ಇರುವುದೇ ಆ 300ರ ಸುತ್ತಮುತ್ತ. ಮೈ ತುಂಬಿಕೊಳ್ಳಲಿ ಅಂತ ಕಂಪ್ರೆಸರ್ ಹಾಕಿ, ಮೈಯನ್ನೇ ಕಳೆದುಕೊಂಡ ಹಾಗಾಯಿತು. ತಡ ಕಮ್ಮಿ ಆದಷ್ಟೂ ಹಳ್ಳಗಳು ಮೇಲಕ್ಕೆ ಹೋಗುತ್ತವೆ. 1 ಮಿಲಿಸೆಕೆಂಡಿಗೆ ಮೊದಲ ಹಳ್ಳ 500ರಲ್ಲಿ, 0.1ಕ್ಕೆ 5,000ದಲ್ಲಿ.

ಹಾಡುವವರು ಹೆಡ್‌ಫೋನಿನಲ್ಲಿ ನಾಲ್ಕೈದು ಮಿಲಿಸೆಕೆಂಡ್ ತಡಕ್ಕೇ "ನನ್ನ ದನಿ ಟೊಳ್ಳಾಗಿ ಕೇಳುತ್ತಿದೆ" ಅನ್ನುವುದೂ ಇದೇ ಕಾರಣಕ್ಕೆ. ಅವರ ದನಿ ತಲೆಯ ಮೂಳೆಯ ಮೂಲಕ ಆಗಲೇ ಕಿವಿಗೆ ತಲುಪಿರುತ್ತದೆ. ಗಿಟಾರ್ ನುಡಿಸುವವರಿಗೆ ಅಷ್ಟೇ ತಡ ಗೊತ್ತೇ ಆಗದಿರಬಹುದು. ಹಾಡುವವರು ಸುಮ್ನೆ ತಕರಾರು ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ.

ಎರಡು ಪ್ರತಿಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟಾಗ ಬೇರೆಯೇ ಆಟ ನಡೆಯುತ್ತದೆ. ಸುಮಾರು 30 ಮಿಲಿಸೆಕೆಂಡಿನೊಳಗೆ ಬಂದ ಎರಡು ಶಬ್ದಗಳನ್ನು ಕಿವಿ ಒಂದೇ ಅಂತ ತಿಳಿಯುತ್ತದೆ. ಮೊದಲು ಬಂದ ಕಡೆಯಿಂದಲೇ ಶಬ್ದ ಬರುತ್ತಿದೆ ಅನ್ನಿಸುತ್ತದೆ. 1949ರಲ್ಲಿ ಹೆಲ್ಮುಟ್ ಹಾಸ್ ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿದ ಮೇಲೆ ಹಾಸ್ ಎಫೆಕ್ಟ್ ಅನ್ನುವ ಹೆಸರು ಬಂತು. ನಿಮ್ಮ ಸ್ಟೀರಿಯೊ ಟ್ರ್ಯಾಕ್ ಕಾರಣವಿಲ್ಲದೆ ಒಂದು ಕಡೆಗೆ ವಾಲಿದ್ದರೆ ವಾಲ್ಯೂಮ್ ತಿರುಗಿಸುವ ಮೊದಲು ಎರಡೂ ಬದಿಯ ಹೊತ್ತು ನೋಡಿ.

ಸರಿಯಾಗಿ ಕೂತಿದೆಯೇ ಅಂತ ನೋಡಲು ಕಣ್ಣಿಗಿಂತ ಒಳ್ಳೆಯ ದಾರಿ ಇದೆ. ಪೆಟ್ಟಿಗೆ ದಾರಿಯಲ್ಲೇ ಇರಲಿ, ಆದರೆ ದನಿಯನ್ನು ಹೆಚ್ಚು ಬದಲಿಸದ ಹಾಗೆ ಇರಲಿ. ಎರಡೂ ಟ್ರ್ಯಾಕುಗಳ ಮಟ್ಟ ಒಂದೇ ಮಾಡಿ. ಒಂದರ ಪೊಲಾರಿಟಿ ತಿರುಗಿಸಿ (ಅಂದರೆ ಅಲೆಯನ್ನು ತಲೆಕೆಳಗು ಮಾಡಿ), ಎರಡನ್ನೂ ಒಟ್ಟಿಗೆ ಹಾಕಿ. ಸರಿಯಾಗಿ ಕೂತಿದ್ದರೆ ಒಂದನ್ನೊಂದು ತಿಂದುಹಾಕಿ ಹೆಚ್ಚುಕಡಿಮೆ ನಿಶ್ಶಬ್ದ ಉಳಿಯುತ್ತದೆ. ದನಿಯ ಚೂಪಾದ ತುದಿಗಳು ಮಾತ್ರ ಕೇಳುತ್ತಿದ್ದರೆ ಒಂದೋ ಎರಡೋ ಸ್ಯಾಂಪಲ್ ಹೊರಗಿದೆ. ತಿರುಗಿಸುವ ಮೊದಲೇ ಸದ್ದು ಮಾಯವಾಗಿ, ತಿರುಗಿಸಿದ ಮೇಲೆ ತುಂಬಿ ಬಂದರೆ ಆ ಪೆಟ್ಟಿಗೆಯೇ ಪೊಲಾರಿಟಿ ತಿರುಗಿಸುತ್ತಿದೆ. ಅದಕ್ಕೂ ಹೊತ್ತಿಗೂ ಸಂಬಂಧವಿಲ್ಲ, ಅಲ್ಲಿ ಟ್ರ್ಯಾಕ್ ಎಳೆಯಲು ಹೋದರೆ ಕೆಡುತ್ತದೆ. ಕಂಪ್ರೆಸರ್ ಜೋರಾಗಿ ಒತ್ತುತ್ತಿರುವಾಗ ಪೂರ್ತಿ ನಿಶ್ಶಬ್ದ ಬರುವುದಿಲ್ಲ. ಅದರ ಬೆನ್ನು ಹತ್ತಬೇಡಿ.

ರಿವರ್ಬ್ ವಿಷಯದಲ್ಲಿ ಜನ ಅನಗತ್ಯವಾಗಿ ಗಾಬರಿಯಾಗುತ್ತಾರೆ. ರಿವರ್ಬ್ ಐದು ಮಿಲಿಸೆಕೆಂಡ್ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಹೇಗೂ ನಾವೇ ಪ್ರಿ-ಡಿಲೇ ಅಂತ 20 ಮಿಲಿಸೆಕೆಂಡ್ ಹಾಕುತ್ತೇವಲ್ಲ. ಆದರೆ ಒಂದು ನೋಡಿಕೊಳ್ಳಿ: ಪೆಟ್ಟಿಗೆಯ ಮಿಕ್ಸ್ ಗುಂಡಿ ಪೂರ್ತಿ ವೆಟ್ ಕಡೆಗೆ, ಅಂದರೆ ಎಫೆಕ್ಟ್ ಮಾತ್ರ ಬರುವ ಕಡೆಗೆ, ಇರಬೇಕು. ಅರ್ಧಕ್ಕೆ ನಿಂತಿದ್ದರೆ ರಿವರ್ಬ್ ಜೊತೆ ಮೂಲ ದನಿಯೂ ತಡವಾಗಿ ವಾಪಸ್ ಬಂದು ಬಾಚಣಿಗೆ ಹಾಕುತ್ತದೆ. "ರಿವರ್ಬ್ ಹಾಕಿದ ಮೇಲೆ ದನಿ ತೆಳುವಾಯಿತು" ಅನ್ನುವ ದೂರು ನನ್ನ ಕಿವಿಗೆ ಬಿದ್ದಾಗಲೆಲ್ಲ ನಾನು ಮೊದಲು ನೋಡುವುದು ಆ ಗುಂಡಿಯನ್ನೇ.

ಪ್ರತಿ ಸಲವೂ ಬೇರೆ ಆದರೆ

ಬೆಳಿಗ್ಗೆ ಅಳೆದ 74 ಸಂಜೆಗೆ 106 ಆಗಿದ್ದರೆ ನಡುವೆ ಏನೋ ಬದಲಾಗಿದೆ. ಬಫರ್ ಬದಲಿಸಿದಿರಾ? ಕೆಲವು ಡ್ರೈವರ್‌ಗಳಲ್ಲಿ ಅದರ ಜೊತೆ ಈ ವ್ಯತ್ಯಾಸವೂ ಬದಲಾಗುತ್ತದೆ. ಸ್ಯಾಂಪಲ್ ರೇಟ್ 44.1ರಿಂದ 48ಕ್ಕೆ ಹೋಯಿತೇ? ಮುಂದಿನದನ್ನು ಇಣುಕಿ ನೋಡುವ ಲಿಮಿಟರ್ ಅಥವಾ ಲೀನಿಯರ್ ಫೇಸ್ ಈಕ್ಯೂ ಥರದ ಪ್ಲಗಿನ್ ಹೊಸದಾಗಿ ಸೇರಿತೇ? ಕೆಲವು ಸಾಫ್ಟ್‌ವೇರುಗಳಲ್ಲಿ ಕಡಿಮೆ ಲೇಟೆನ್ಸಿಯ ಮೋಡ್ ಆನ್ ಮಾಡಿದರೆ ಲೆಕ್ಕ ಬದಲಾಗುತ್ತದೆ. ಪೆಟ್ಟಿಗೆಗೆ ಕಳಿಸಿ ತರುವಾಗ ಮಾಸ್ಟರ್ ಮೇಲಿನ ಭಾರಿ ಪ್ಲಗಿನ್‌ಗಳನ್ನು ತೆಗೆದಿಡುವುದು ಒಳ್ಳೆಯದು.

ಏನೂ ಬದಲಿಸದೆ ಸಾಫ್ಟ್‌ವೇರ್ ಮುಚ್ಚಿ ತೆರೆದರೆ ಸಾಕು, ಅಂತರ ಬದಲಾಗುತ್ತದೆ ಅನ್ನುವ ಇಂಟರ್‌ಫೇಸುಗಳೂ ಇವೆ. ಯುಎಸ್‌ಬಿ ಮಾತುಕತೆ ಪ್ರತಿ ಸಲ ಶುರುವಾಗುವಾಗ ಗುಟ್ಟಿನ ಬಿಂದಿಗೆ ಬೇರೆ ಮಟ್ಟದಲ್ಲಿ ನಿಲ್ಲುತ್ತದೆ. ಮೂರು ಸಲ ಮುಚ್ಚಿ ತೆರೆದು ಅಳೆದರೆ ಗೊತ್ತಾಗುತ್ತದೆ. ಇಂಥದ್ದಕ್ಕೆ ಸ್ಥಿರವಾದ ಅಂಕಿ ಹಾಕಿ ಪ್ರಯೋಜನವಿಲ್ಲ.

ಇಲ್ಲಿ ನಾನು ನೆಚ್ಚಿಕೊಂಡಿರುವುದು ಸಿನಿಮಾ ಶೂಟಿಂಗಿನವರ ಉಪಾಯ. ಅವರು ಶಾಟ್ ಶುರುವಿಗೆ ಕ್ಲ್ಯಾಪ್ ಬೋರ್ಡ್ ಬಡಿಯುತ್ತಾರೆ. ಆ ಟಪ್ ಸದ್ದು ಹಿಡಿದೇ ಚಿತ್ರ ಮತ್ತು ಶಬ್ದ ಕೂಡಿಸುತ್ತಾರೆ. ಹಾಗೇ ಹಾಡು ಶುರುವಾಗುವ ಎರಡು ಬಾರ್ ಮೊದಲು ಅದೇ ಟ್ರ್ಯಾಕಿನಲ್ಲಿ ಒಂದು ಕ್ಲಿಕ್ ಇಟ್ಟುಬಿಡಿ. ದನಿಯ ಜೊತೆ ಅದೂ ಹೊರಗೆ ಹೋಗಿ ಪೆಟ್ಟಿಗೆ ಸುತ್ತಿ ಬರುತ್ತದೆ. ಎರಡು ಕ್ಲಿಕ್ಕುಗಳನ್ನು ಕೂಡಿಸಿದರೆ ಇಡೀ ಟ್ರ್ಯಾಕ್ ಕೂಡುತ್ತದೆ. ಡ್ರೈವರ್ ಸುಳ್ಳು ಹೇಳಲಿ, ಪೆಟ್ಟಿಗೆ ಎಷ್ಟೇ ತಿನ್ನಲಿ, ಇದಕ್ಕೆ ಚಿಂತೆಯಿಲ್ಲ. ರಿವರ್ಬ್‌ನಲ್ಲಿ ಮುಳುಗಿ ಬಂದರೂ ಕ್ಲಿಕ್ಕಿನ ಮುಂದಿನ ಅಂಚು ಸಾಮಾನ್ಯವಾಗಿ ಕಾಣುತ್ತದೆ.

ಒಂದು ಸಣ್ಣ ವಿಷಯ. ಹಿನ್ನೆಲೆ ಸಂಗೀತವನ್ನು ಎಂಪಿ3 ರೂಪದಲ್ಲಿ ತಂದು ಹಾಕಿಕೊಂಡಿದ್ದರೆ ಅದರ ತಲೆಯಲ್ಲಿ ಸುಮಾರು 25 ಮಿಲಿಸೆಕೆಂಡ್ ಖಾಲಿ ಸೇರಿಕೊಂಡಿರಬಹುದು. ಆ ರೂಪಕ್ಕೆ ಬದಲಿಸುವಾಗಲೇ ಅದು ಬರುತ್ತದೆ. ಆಗ ಪೆಟ್ಟಿಗೆಯನ್ನು ಬೈಯುವುದು ಅನ್ಯಾಯ. ಡಬ್ಲ್ಯೂಎವಿ ಫೈಲ್ ಕೇಳಿ ಪಡೆಯಿರಿ.

ಎರಡು ಗಡಿಯಾರ

ಮೊದಲ ಕ್ಲಿಕ್ ಕೂಡಿಸಿದಿರಿ, ಸರಿಯಾಗಿದೆ. ಐದು ನಿಮಿಷದ ಹಾಡಿನ ಕೊನೆಗೆ ಹೋದರೆ 6 ಮಿಲಿಸೆಕೆಂಡ್ ಜಾರಿದೆ. ಇದು ಲೇಟೆನ್ಸಿ ಅಲ್ಲ. ಸ್ಯಾಂಪಲ್ ಎಣಿಸುವ ಎರಡು ಗಡಿಯಾರಗಳು ಒಂದೇ ವೇಗದಲ್ಲಿ ಓಡುತ್ತಿಲ್ಲ ಅಂತ ಅರ್ಥ. ಪ್ರತಿ ಡಿಜಿಟಲ್ ಯಂತ್ರದಲ್ಲೂ ಒಂದು ಹರಳು ಮಿಡಿಯುತ್ತಿರುತ್ತದೆ. ಎಲ್ಲದರ ಮೇಲೂ 44,100 ಅಂತಲೇ ಬರೆದಿದ್ದರೂ ಎರಡು ಹರಳುಗಳು ನೂರಕ್ಕೆ ನೂರು ಒಂದೇ ಇರುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ನಿಮಿಷಕ್ಕೆ 1.2 ಮಿಲಿಸೆಕೆಂಡ್ ಜಾರುತ್ತದೆ.

ಅನಲಾಗ್ ಕೇಬಲ್‌ನಲ್ಲಿ ಹೋಗಿ ಅದೇ ಇಂಟರ್‌ಫೇಸಿಗೆ ವಾಪಸ್ ಬರುವಾಗ ಈ ತೊಂದರೆ ಬರುವುದಿಲ್ಲ. ಪೆಟ್ಟಿಗೆಯೊಳಗೆ ಅದರದ್ದೇ ಗಡಿಯಾರ ಇದ್ದರೂ ಪರವಾಗಿಲ್ಲ. ಅದು ಶಬ್ದವನ್ನು ಮತ್ತೆ ಅನಲಾಗ್ ಮಾಡಿಯೇ ಹೊರಗೆ ಬಿಡುತ್ತದೆ, ಎಣಿಸುವ ಕೆಲಸ ನಿಮ್ಮ ಇಂಟರ್‌ಫೇಸಿನದ್ದೇ. ಜಾರುವುದು ಬೇರೆ ರೆಕಾರ್ಡರಿನಲ್ಲಿ ಹಿಡಿದು ಫೈಲ್ ತಂದಾಗ. ಅಥವಾ ಪೆಡಲಿಗೇ ಯುಎಸ್‌ಬಿ ಇದೆ ಅಂತ ಅದನ್ನು ಎರಡನೇ ಇಂಟರ್‌ಫೇಸಾಗಿ ಸೇರಿಸಿಕೊಂಡಾಗ. ಡಿಜಿಟಲ್ ಕೇಬಲ್ ಹಾಕಿದಾಗ ಒಂದು ಯಂತ್ರ ಯಜಮಾನ ಆಗಬೇಕು, ಇನ್ನೊಂದು ಅದರ ಮಾತು ಕೇಳಬೇಕು. ಪೆಟ್ಟಿಗೆಯ ಕ್ಲಾಕ್ ಸೋರ್ಸ್ ಅನ್ನು ಇಂಟರ್ನಲ್ ಬಿಟ್ಟು ಎಸ್‌ಪಿಡಿಐಎಫ್, ಎಡಾಟ್ ಅಥವಾ ವರ್ಡ್ ಕ್ಲಾಕ್‌ಗೆ, ಅಂದರೆ ನೀವು ಹಾಕಿದ ದಾರಿಗೆ, ತಿರುಗಿಸಿ. ಇಬ್ಬರೂ ಯಜಮಾನರಾದರೆ ನಡುನಡುವೆ ಟಿಕ್ ಟಿಕ್ ಅಂತ ಸದ್ದು ಬರುತ್ತದೆ. ಮ್ಯಾಕ್‌ನಲ್ಲಿ ಎರಡು ಇಂಟರ್‌ಫೇಸ್ ಸೇರಿಸಿ ಬಳಸುತ್ತಿದ್ದರೆ ಡ್ರಿಫ್ಟ್ ಕರೆಕ್ಷನ್ ಅನ್ನುವುದನ್ನು ಗುರುತು ಹಾಕಿ.

ಆಗಲೇ ಜಾರಿದ ಟ್ರ್ಯಾಕ್ ಆಗಿದ್ದರೆ ಹಾಡಿನ ಕೊನೆಯಲ್ಲೂ ಒಂದು ಕ್ಲಿಕ್ ಇಟ್ಟಿದ್ದವರು ಬಚಾವ್. ಎರಡೂ ತುದಿ ಹಿಡಿದು ಚೂರು ಹಿಗ್ಗಿಸಬಹುದು. ಇಲ್ಲದವರು ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಕತ್ತರಿಸಿ, ತುಂಡು ತುಂಡಾಗಿ ಸರಿಸಬೇಕು.

44.1ಕ್ಕೂ 48ಕ್ಕೂ ಗೊಂದಲ ಆದಾಗಿನ ಕಥೆ ಇದಲ್ಲ. ಅಲ್ಲಿ ವೇಗವೇ ಸುಮಾರು ನೂರಕ್ಕೆ ಒಂಬತ್ತರಷ್ಟು ಬದಲಾಗಿ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಮೇಲೆ ಕೆಳಗೆ ಆಗುತ್ತದೆ. ಅದನ್ನು ಹುಡುಕಬೇಕಾಗಿಲ್ಲ, ಮೊದಲ ಸ್ವರದಲ್ಲೇ ಬೆಚ್ಚಿ ಬೀಳುತ್ತೀರಿ.

ಡಿಲೇ ಪೆಡಲಿನ ಎಕೋ ತಾಳ ತಪ್ಪುವುದನ್ನೂ ಜನ ಜಾರುವಿಕೆ ಅಂದುಕೊಳ್ಳುತ್ತಾರೆ. 60,000ವನ್ನು ಟೆಂಪೋದಿಂದ ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 120ಕ್ಕೆ 500. ಗುಂಡಿ ಕಿವಿಯಂದಾಜಿನಲ್ಲಿ 510ಕ್ಕೆ ನಿಂತಿದ್ದರೆ ಮೊದಲ ಎಕೋ 10, ಎರಡನೆಯದು 20, ಮೂರನೆಯದು 30 ಮಿಲಿಸೆಕೆಂಡ್ ತಡ. ಆದರೆ ಹೊಸ ಸ್ವರ ಬಂದಾಗ ಲೆಕ್ಕ ಮತ್ತೆ ಮೊದಲಿಂದ ಶುರು. ಹಾಡಿನ ಕೊನೆಯಲ್ಲೂ ತಪ್ಪು ಅಷ್ಟೇ ಇದ್ದರೆ ಗುಂಡಿಯದ್ದೇ ತಪ್ಪು. ಪೆಡಲ್ ಮಿಡಿ ಕ್ಲಾಕ್ (ಸಾಫ್ಟ್‌ವೇರ್ ಕಳಿಸುವ ತಾಳದ ಮಿಡಿತ) ಕೇಳುತ್ತದೆ ಅಂದರೆ ಅದನ್ನೇ ಕಳಿಸಿ. ಬೀಟಿಗೆ 24 ಮಿಡಿತಗಳು ಹೋಗುತ್ತವೆ, ಟೆಂಪೋವನ್ನು ಪೆಡಲ್ ತಾನೇ ಹಿಡಿಯುತ್ತದೆ. ಅದೇ ಮಿಡಿ ಕೇಬಲ್‌ನಲ್ಲಿ ಸ್ವರಗಳು, ಗುಂಡಿ ತಿರುಗಿಸುವ ಸಂದೇಶಗಳು ಎಲ್ಲವನ್ನೂ ತುರುಕಬೇಡಿ. ಮಿಡಿತ ಸಾಲಿನಲ್ಲಿ ಕಾಯುತ್ತಾ ನಡುಗತೊಡಗುತ್ತದೆ.

ಕಿವಿಗೆ ಮಾತ್ರ ತಡ

ಕ್ಲಿಕ್ ಹಾಕಿ ಅಳೆದರೆ ಸೊನ್ನೆ. ಆದರೂ ಡ್ರಮ್ ಸೋಮಾರಿಯಾಗಿ ಕೇಳುತ್ತಿದೆ. ಆಗ ಪೆಟ್ಟಿಗೆ ಮಾಡುತ್ತಿರುವ ಕೆಲಸವನ್ನೇ ನೋಡಿ. ಕಂಪ್ರೆಸರಿನ ಅಟ್ಯಾಕ್ (ಅದು ಒತ್ತಲು ಶುರು ಮಾಡುವ ರೀತಿ) ಬಹಳ ವೇಗವಾಗಿದ್ದರೆ ಏಟಿನ ಮೊನೆಯನ್ನೇ ಒತ್ತಿಹಾಕುತ್ತದೆ. ನಾವು ತಾಳ ಹಿಡಿಯುವುದು ಆ ಮೊನೆಯನ್ನು ಕೇಳಿ. ಅದು ಮೊಂಡಾದರೆ ಏಟು ತಡವಾಗಿ ಬಿದ್ದ ಹಾಗೆ ಅನ್ನಿಸುತ್ತದೆ. ನಾಯ್ಸ್ ಗೇಟ್ ನಿಧಾನವಾಗಿ ಬಾಗಿಲು ತೆರೆದರೂ ಹಾಗೇ, ಮೊನೆ ಹೊರಗೇ ಉಳಿಯುತ್ತದೆ. ಇಲ್ಲಿ ಟ್ರ್ಯಾಕನ್ನು ಸರಿಸಿದರೆ ಮೊಂಡು ಏಟು ಬೇಗ ಬೀಳುತ್ತದೆ, ಅಷ್ಟೇ. ಅಟ್ಯಾಕ್ ಗುಂಡಿಯನ್ನು ನಿಧಾನದ ಕಡೆಗೆ ತಿರುಗಿಸಿ, ಗೇಟನ್ನು ಬೇಗ ತೆರೆಯಿಸಿ, ಮತ್ತೆ ಕೇಳಿ.

ಇದೆಲ್ಲದರ ನಡುವೆ ಪೆಟ್ಟಿಗೆಗೆ ಹೋಗದ ಮೂಲ ಟ್ರ್ಯಾಕನ್ನು ಅಳಿಸಬೇಡಿ. ಗಿಟಾರ್ ನೇರವಾಗಿ ಪೆಡಲಿನಿಂದ ಬರುವುದಾದರೂ ಸಿಗ್ನಲ್ಲನ್ನು ಕವಲು ಮಾಡಿ, ಪೆಡಲ್ ಇಲ್ಲದ ಪ್ರತಿಯೊಂದನ್ನು ಪಕ್ಕದ ಟ್ರ್ಯಾಕಿನಲ್ಲಿ ಹಿಡಿದಿಡಿ. ಹೊತ್ತು ತಪ್ಪಿದ್ದು ಯಾವಾಗ ಅಂತ ಹೋಲಿಸಲು ಅದೇ ಅಳತೆಗೋಲು. ಪೂರ್ತಿ ಕೆಟ್ಟರೆ ಮತ್ತೆ ಪೆಟ್ಟಿಗೆಗೆ ಕಳಿಸಲೂ ಅದೇ ಬೇಕು.

ನನ್ನ ಪೆಟ್ಟಿಗೆಗಳ ಮೇಲೆಲ್ಲ ಒಂದೊಂದು ಕಾಗದದ ಟೇಪ್ ಅಂಟಿಸಿದ್ದೇನೆ. ಯಾವ ಪ್ರೋಗ್ರಾಮ್, ಯಾವ ಸ್ಯಾಂಪಲ್ ರೇಟ್, ಎಷ್ಟು ಸ್ಯಾಂಪಲ್ ತಡ, ಅಳೆದ ದಿನ ಯಾವುದು, ಇಷ್ಟೇ ಬರೆದಿರುತ್ತದೆ. ಡ್ರೈವರ್ ಅಥವಾ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಆದ ದಿನ ಆ ಟೇಪ್ ಕಿತ್ತು, ಕೇಬಲ್ ಹಾಕಿ, ಮತ್ತೆ ಕ್ಲಿಕ್ ಕಳಿಸುತ್ತೇನೆ.